ಗರೋನ್ ಕಾಲುವೆ ಪಕ್ಕ, ಅವಸರವಿಲ್ಲದೆ

ಫ್ರಾನ್ಸಿನಲ್ಲಿ ಕಾಲುವೆ ಪಕ್ಕ ಸೈಕಲ್ ತುಳಿಯೋಕೆ ಯಾವ ಜಾಗ ಒಳ್ಳೇದು ಅಂತ ಯಾರನ್ನಾದರೂ ಕೇಳಿ, ಕನಾಲ್ ದ್ಯು ಮಿದಿ ಅಂತಾರೆ. ಹೆಸರು ದೊಡ್ಡದು. 1996ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ನೋಡೋಕೆ ಚೆಂದವೂ ಹೌದು. ಆದರೆ ನಮ್ಮ ಹಾಗೆ ಅರವತ್ತು ದಾಟಿದವರು, ಮಂಡಿ ಆಗಾಗ ತಕರಾರು ಮಾಡುವವರು, ಸುಮ್ನೆ ಆರಾಮಾಗಿ ಹಳ್ಳಿಗಳನ್ನು ನೋಡಿಕೊಂಡು ಹೋಗೋಣ ಅನ್ನುವವರು ಮೊದಲು ಹೋಗಬೇಕಾದ್ದು ಅದಕ್ಕೇ ಅಂಟಿಕೊಂಡಿರುವ ಇನ್ನೊಂದು ಕಾಲುವೆಗೆ. ಅದು ಗರೋನ್ ಕಾಲುವೆ. ದಕ್ಷಿಣ ಫ್ರಾನ್ಸಿನ ತುಲೂಸ್ ನಗರದಲ್ಲಿ ಹುಟ್ಟಿ, ಗರೋನ್ ನದಿಯ ಪಕ್ಕದಲ್ಲೇ 193 ಕಿಲೋಮೀಟರ್ ಹರಿದು, ಕಾಸ್ತೆ-ಆಂ-ದೋರ್ತ್ ಅನ್ನುವ ಊರಿನಲ್ಲಿ ನದಿಗೆ ಸೇರುತ್ತದೆ. ದಾರಿ ಪೂರ್ತಿ ಹೆಚ್ಚುಕಮ್ಮಿ ಡಾಂಬರು. ಏರು ಅಂತ ಇಲ್ಲವೇ ಇಲ್ಲ.

ಮಗಳು ಮತ್ತು ಅಳಿಯ ತುಲೂಸ್‌ನಲ್ಲಿ ಇರುವುದರಿಂದ ನಮಗೆ ಎರಡೂ ಕಾಲುವೆ ನೋಡುವ ಭಾಗ್ಯ ಸಿಕ್ಕಿತು. ಮಿದಿ ಕಾಲುವೆಯಲ್ಲಿ ತುಲೂಸ್‌ನಿಂದ ಪೋರ್-ಲೋರಾಗೆ ತನಕ, ಅಂದರೆ ಸುಮಾರು 50 ಕಿಲೋಮೀಟರ್, ದಾರಿ ನುಣ್ಣಗಿದೆ. ಅಲ್ಲಿಂದ ಮುಂದೆ ಮಣ್ಣು, ಜಲ್ಲಿ, ಮರದ ಬೇರು. ಮಳೆ ಬಂದರೆ ಕೆಸರು. ದಪ್ಪ ಟೈರಿನ ಸೈಕಲ್ಲು, ಗಟ್ಟಿ ಸೊಂಟ ಎರಡೂ ಬೇಕು. ದಂಡೆಯ ಮೇಲೆ ಸಾಲಾಗಿ ನಿಂತು ನೆರಳಿಗೆ ಹೆಸರಾದ, ಪ್ಲೇನ್ ಅನ್ನುವ ದೊಡ್ಡ ಮರಗಳಿಗೂ ಈಗ ಕಷ್ಟಕಾಲ. 2006ರಲ್ಲಿ ಒಂದು ಶಿಲೀಂಧ್ರ ರೋಗ ಕಾಣಿಸಿಕೊಂಡು, ಸಾಲುಸಾಲು ಮರಗಳನ್ನು ಕಡಿದು ಸುಡಬೇಕಾಗಿ ಬಂತು. ಕೆಲವು ಕಡೆ ಮೈಲಿಗಟ್ಟಲೆ ಬಿಸಿಲು. ಹೊಸ ಗಿಡ ನೆಡುತ್ತಿದ್ದಾರೆ, ನೆರಳು ಬರೋಕೆ ಇನ್ನೂ ಕಾಲ ಬೇಕು.

ಗರೋನ್ ಕಾಲುವೆಗೆ ಸೆಪ್ಟೆಂಬರ್ ಸರಿಯಾದ ಸಮಯ ಅಂತ ನನ್ನ ಅಭಿಪ್ರಾಯ. ಜುಲೈ, ಆಗಸ್ಟ್‌ನಲ್ಲಿ ಬಿಸಿಲು 35 ಡಿಗ್ರಿ ಮುಟ್ಟುತ್ತದೆ, ರಜೆಯ ಜನವೂ ಜಾಸ್ತಿ. ಸೆಪ್ಟೆಂಬರ್‌ನಲ್ಲಿ ಶಾಲೆ ಶುರುವಾಗಿರುತ್ತದೆ, ರೂಮು ಸುಲಭವಾಗಿ ಸಿಗುತ್ತದೆ, ದ್ರಾಕ್ಷಿ ಹಣ್ಣಾಗಿರುತ್ತದೆ. ಮೇ, ಜೂನ್ ಕೂಡ ಪರವಾಗಿಲ್ಲ.

ಸೈಕಲ್ ತುಲೂಸ್‌ನಲ್ಲೇ ಬಾಡಿಗೆಗೆ ತಗೊಂಡೆವು. ನಮ್ಮ ಯಜಮಾನರು ಬ್ಯಾಟರಿ ಸೈಕಲ್ಲೇ ಬೇಕು ಅಂತ ಹಠ ಹಿಡಿದರು. ನಾನು ಸಾದಾ ಸೈಕಲ್ಲು. ಇಲ್ಲಿ ಒಂದು ಮಾತು. ಏರೇ ಇಲ್ಲದ ದಾರಿಯಲ್ಲಿ ಬ್ಯಾಟರಿ ಬೇಕಾ ಅಂತ ನಾನೂ ಕೇಳಿದ್ದೆ. ಬೇಕು, ಎದುರುಗಾಳಿಗೆ. ಆಗ್ನೇಯದಿಂದ ಬೀಸುವ ಓತಾಂ ಅನ್ನುವ ಗಾಳಿ ಶುರುವಾದರೆ ನಾಲ್ಕಾರು ದಿನ ನಿಲ್ಲುವುದಿಲ್ಲ. ಜನರಿಗೆ ತಲೆ ಕೆಡಿಸುವ ಗಾಳಿ ಅಂತಲೇ ಅಲ್ಲಿಯವರು ಹೇಳುತ್ತಾರೆ. ನಮ್ಮ ಹಾಗೆ ತುಲೂಸ್‌ನಿಂದ ವಾಯವ್ಯಕ್ಕೆ, ಬೋರ್ದೋ ನಗರದ ಕಡೆಗೆ ಹೋಗುವವರಿಗೆ ಅದು ಬೆನ್ನಿಗೆ ಸಿಗುತ್ತದೆ. ಆದರೆ ಪಶ್ಚಿಮದಿಂದ, ಸಮುದ್ರದ ಕಡೆಯಿಂದ ಬೀಸಿದ ದಿನ ಮುಖಕ್ಕೇ. ಆ ದಿನ ಇವರು ಮುಂದೆ, ನಾನು ಇವರ ಬೆನ್ನಿಗೆ ಅಂಟಿಕೊಂಡು ಹಿಂದೆ. ಯುರೋಪಿನ ನಿಯಮದ ಪ್ರಕಾರ 25 ಕಿಲೋಮೀಟರ್ ವೇಗ ದಾಟಿದರೆ ಮೋಟಾರು ತಾನೇ ಸುಮ್ಮನಾಗುತ್ತದೆ. ನಾವು ಆ ವೇಗ ಮುಟ್ಟಿದ್ದೇ ಇಲ್ಲ ಬಿಡಿ.

ಸಾಮಾನು ಎರಡು ಪಕ್ಕದ ಚೀಲಕ್ಕೆ ಹಿಡಿಯುವಷ್ಟೇ. ಎರಡು ಜೊತೆ ಬಟ್ಟೆ, ಮಳೆ ಕೋಟು, ಪಂಕ್ಚರ್ ಸಾಮಾನು, ಒಂದು ಚಾಕು, ಒಂದು ತಟ್ಟೆ, ಶೇಂಗಾ ಚಟ್ನಿಪುಡಿ. ಕೊನೆಯದನ್ನು ನಗಬೇಡಿ, ಅದರ ವಿಷಯಕ್ಕೆ ಬರುತ್ತೇನೆ.

ತುಲೂಸ್ ಬಿಟ್ಟ ಮೇಲಿನ ಮೊದಲ ಇಪ್ಪತ್ತು ಕಿಲೋಮೀಟರ್ ಅಷ್ಟೇನೂ ಚೆನ್ನಾಗಿಲ್ಲ. ಒಂದು ಕಡೆ ಹೆದ್ದಾರಿ, ಇನ್ನೊಂದು ಕಡೆ ರೈಲು, ನಡುವೆ ಗೋದಾಮುಗಳು. ಬೇಡ ಅನ್ನಿಸಿದರೆ ಗ್ರಿಜೋಲ್ ತನಕ ಲೋಕಲ್ ರೈಲಿನಲ್ಲಿ ಹೋಗಿ ಅಲ್ಲಿಂದ ಶುರು ಮಾಡಬಹುದು. ಈ ಕಾಲುವೆಯ ದೊಡ್ಡ ಅನುಕೂಲವೇ ಇದು. ರೈಲು ಹಳಿ ಬಹುಪಾಲು ಹತ್ತಿರದಲ್ಲೇ ಓಡುತ್ತದೆ. ಸುಸ್ತಾದರೆ, ಮಳೆ ಹಿಡಿದರೆ, ಚೈನು ತುಂಡಾದರೆ, ಹತ್ತಿಪ್ಪತ್ತು ಕಿಲೋಮೀಟರ್ ಒಳಗೆ ಒಂದು ಸ್ಟೇಷನ್ ಸಿಗುತ್ತದೆ.

ಕಾಲುವೆಗೆ ಮಾತ್ರ ಇದೇ ರೈಲು ಮುಳುವಾಯಿತು. ಈ ಕಾಲುವೆ ಗದ್ದೆಗೆ ನೀರು ಬಿಡೋಕೆ ತೋಡಿದ್ದಲ್ಲ, ಸರಕಿನ ದೋಣಿಗಳಿಗೆ. 1838ರಲ್ಲಿ ಶುರು ಮಾಡಿ 1856ರಲ್ಲಿ ಮುಗಿಸಿದರು. ಅದು ಮುಗಿಯುವ ಹೊತ್ತಿಗೆ ಸರಿಯಾಗಿ ಬೋರ್ದೋ-ತುಲೂಸ್ ರೈಲು ಬಂತು. 1858ರಲ್ಲಿ ಸರ್ಕಾರ ಕಾಲುವೆಯನ್ನು ಆ ರೈಲು ಕಂಪನಿಗೇ ಗುತ್ತಿಗೆ ಕೊಟ್ಟಿತು. ಎದುರಾಳಿಯ ಕೈಗೇ ಬೀಗದ ಕೈ ಕೊಟ್ಟ ಮೇಲೆ ಇನ್ನೇನು? ದೋಣಿಗಳ ಸುಂಕ ಏರಿತು, ಸರಕು ರೈಲಿಗೆ ಹೋಯಿತು. ಈಗ ಅಲ್ಲಿ ಓಡಾಡುವುದೆಲ್ಲ ರಜೆಗೆ ಬಂದವರ ದೋಣಿಗಳು. ಹಿಂದೆ ಕುದುರೆಗಳು ದೋಣಿ ಎಳೆಯುತ್ತಿದ್ದ ದಂಡೆಯ ಮೇಲೆ ನಾವು ಸೈಕಲ್ ತುಳಿಯುತ್ತೇವೆ.

ದಿನಕ್ಕೆ 40 ಕಿಲೋಮೀಟರ್ ಸಾಕು. ಜೋರಾಗಿ ಹೋಗುವವರು ಇಡೀ ಕಾಲುವೆಯನ್ನು ಎರಡು ದಿನದಲ್ಲಿ ಮುಗಿಸುತ್ತಾರೆ. ಅವರಿಗೆ ಕಾಣುವುದು ಮುಂದಿನ ಚಕ್ರ ಅಷ್ಟೇ. ಬೆಳಿಗ್ಗೆ ಹೊರಡುವಾಗ ಇವರು "ಇವತ್ತು ಎಷ್ಟು ಕಿಲೋಮೀಟರ್?" ಅಂತ ಕೇಳುತ್ತಿದ್ದರು. ನಾನು, "ಅಂಗಡಿ ಮುಚ್ಚೋ ಮುಂಚೆ ತಲುಪೋವಷ್ಟು, ರೀ" ಅನ್ನುತ್ತಿದ್ದೆ. ಇದು ತಮಾಷೆಯ ಮಾತಲ್ಲ. ಫ್ರಾನ್ಸಿನ ಹಳ್ಳಿಯಲ್ಲಿ ನಿಮ್ಮ ದಿನವನ್ನು ನಿರ್ಧರಿಸುವುದು ದೂರಕ್ಕಿಂತ ಜಾಸ್ತಿ ಅಂಗಡಿಯ ಬಾಗಿಲು. ಮಧ್ಯಾಹ್ನ ಹನ್ನೆರಡೂವರೆಗೆ ಊರೇ ಮುಚ್ಚಿಕೊಳ್ಳುತ್ತದೆ. ತೆರೆಯುವುದು ಎರಡೂವರೆ, ಮೂರಕ್ಕೆ. ಹೋಟೆಲ್ ಊಟ ಹನ್ನೆರಡರಿಂದ ಒಂದೂವರೆ. ಎರಡು ಗಂಟೆಗೆ ಹೋದರೆ ಅಡುಗೆಮನೆ ಮುಚ್ಚಿರುತ್ತದೆ, ಆಮೇಲೆ ಏಳು ಗಂಟೆಯ ತನಕ ಕಾಫಿ ಬಿಟ್ಟು ಬೇರೇನೂ ಹುಟ್ಟುವುದಿಲ್ಲ. ಭಾನುವಾರ ಮಧ್ಯಾಹ್ನದ ಮೇಲೆ ಎಲ್ಲ ಬಂದ್. ಸೋಮವಾರ ಬಹಳಷ್ಟು ಬ್ರೆಡ್ ಅಂಗಡಿಗಳಿಗೆ ರಜೆ. ಹಾಗಾಗಿ ಭಾನುವಾರ ಬೆಳಿಗ್ಗೆಯೇ ಎರಡು ದಿನಕ್ಕೆ ಆಗುವಷ್ಟು ಬ್ರೆಡ್ಡು, ಚೀಸು, ಟೊಮೇಟೊ, ಹಣ್ಣು ಚೀಲಕ್ಕೆ ಹಾಕಿಕೊಂಡುಬಿಡಿ. ಅಂಗಡಿ ಒಳಗೆ ಕಾಲಿಡುವಾಗ ಜೋರಾಗಿ "ಬೋಂಜೂರ್" ಅನ್ನಿ. ಅದು ಹೇಳದೆ ನೇರ ಬೇಕಾದ್ದು ಕೇಳಿದರೆ ಮುಖ ಗಂಟಿಕ್ಕುತ್ತಾರೆ. ಹೇಳಿದರೆ ಮುರುಕಲು ಫ್ರೆಂಚಿಗೂ ಎಲ್ಲ ಸಿಗುತ್ತದೆ.

ಸಸ್ಯಾಹಾರಿಗಳಿಗೆ ಈ ಸೀಮೆ ಕಷ್ಟ ಅಂತ ಮಗಳು ಮೊದಲೇ ಹೆದರಿಸಿದ್ದಳು. ಬಾತುಕೋಳಿಯ ನಾಡು ಇದು. ಕಾಳಿನ ಪಲ್ಯ ಅಂತ ಖುಷಿಪಟ್ಟರೆ ಅದು ಕಾಸೂಲೆ, ಒಳಗೆ ಬಾತುಕೋಳಿ, ಹಂದಿ ಎರಡೂ ಇರುತ್ತವೆ. ಹೋಟೆಲಿನಲ್ಲಿ ನಮಗೆ ಸಿಕ್ಕಿದ್ದು ಆಮ್ಲೆಟ್ಟು, ಬೆಚ್ಚಗಿನ ಮೇಕೆ ಚೀಸ್ ಇಟ್ಟ ಸಲಾಡ್, ಆಲೂಗಡ್ಡೆ. ಮತ್ತೆ ಮಾರನೇ ದಿನ ಅದೇ. ಆಗ ಚೀಲದಿಂದ ಚಟ್ನಿಪುಡಿ ಹೊರಬಂತು. ಆಗತಾನೇ ಒಲೆಯಿಂದ ತೆಗೆದ ಬಾಗೆತ್ ಬ್ರೆಡ್ಡು, ಒಂದು ಯೂರೋ ಚಿಲ್ಲರೆಗೆ ಸಿಗುವಂಥದ್ದು. ಅದನ್ನು ಉದ್ದಕ್ಕೆ ಸೀಳಿ, ಬೆಣ್ಣೆ ಸವರಿ, ಮೇಲೆ ಶೇಂಗಾ ಚಟ್ನಿಪುಡಿ ಉದುರಿಸಿ, ಟೊಮೇಟೊ ಹೆಚ್ಚಿಟ್ಟು ಮುಚ್ಚಿ ಒತ್ತಬೇಕು. ಸಿಪ್ಪೆ ಕರುಮ್ ಅನ್ನುತ್ತದೆ, ಬೆಣ್ಣೆಗೆ ಖಾರ ಇಳಿದು ಕೆಂಪಾಗುತ್ತದೆ. ಪಕ್ಕದ ಬೆಂಚಿನಲ್ಲಿ ಕೂತಿದ್ದ ಡಚ್ ದಂಪತಿಗೆ ಒಂದು ತುಂಡು ಕೊಟ್ಟೆವು. ಆತ ಕೆಮ್ಮಿದ, ಆಕೆ ಇನ್ನೊಂದು ಕೇಳಿದಳು.

ನೀರಿನ ವಿಷಯ. ಕಾಲುವೆ ತುಂಬ ನೀರು, ಕುಡಿಯೋಕೆ ಒಂದು ಹನಿ ಇಲ್ಲ. ಊರಿನ ನಲ್ಲಿ ಸಿಗದಿದ್ದರೆ ಸ್ಮಶಾನಕ್ಕೆ ಹೋಗಿ. ಫ್ರಾನ್ಸಿನ ಪ್ರತಿ ಹಳ್ಳಿಯಲ್ಲೂ ಚರ್ಚಿನ ಹತ್ತಿರ ಅಥವಾ ಊರಾಚೆ ಗೋಡೆ ಕಟ್ಟಿದ ಸ್ಮಶಾನ ಇರುತ್ತದೆ. ಸಮಾಧಿಯ ಹೂಗಿಡಕ್ಕೆ ನೀರು ಹಾಕೋಕೆ ಅಂತ ಒಳಗೆ ನಲ್ಲಿ ಇಟ್ಟಿರುತ್ತಾರೆ. ಸೈಕಲ್ಲಿನವರೆಲ್ಲ ಬಾಟಲಿ ತುಂಬಿಸಿಕೊಳ್ಳುವುದು ಅಲ್ಲೇ. "ನೋಂ ಪೊತಾಬ್ಲ್" ಅಂತ ಫಲಕ ಇದ್ದರೆ ಮಾತ್ರ ಮುಟ್ಟಬೇಡಿ, ಕುಡಿಯುವ ನೀರಲ್ಲ ಅಂತ ಅರ್ಥ. ಯಜಮಾನರು ಮೊದಲ ಸಲ ಗೇಟಿನ ಹೊರಗೇ ನಿಂತರು. "ಸ್ಮಶಾನದ ನೀರು ಕುಡಿಸ್ತೀಯಾ?" ಅಂದರು. ಮಾರನೇ ಮಧ್ಯಾಹ್ನದ ಬಿಸಿಲಿಗೆ ಅವರೇ ದೂರದ ಶಿಲುಬೆ ತೋರಿಸಿ, "ಅಲ್ಲಿ ಇರಬೇಕು ನೋಡು" ಅಂದರು.

ಇನ್ನು ದಾರಿಯ ವಿಷಯ. ತುಲೂಸ್‌ನಿಂದ ನಲವತ್ತು ಚಿಲ್ಲರೆ ಕಿಲೋಮೀಟರ್‌ಗೆ ಮೋಂತೆಶ್ ಬರುತ್ತದೆ. ಅಲ್ಲಿ ಒಂದು ವಿಚಿತ್ರ ಯಂತ್ರ ಇದೆ. 1970ರ ದಶಕದಲ್ಲಿ ದೊಡ್ಡ ಸರಕು ದೋಣಿಗಳಿಗೆ ಅನುಕೂಲವಾಗಲಿ ಅಂತ ಈ ಕಾಲುವೆಯ ಲಾಕುಗಳನ್ನು, ಅಂದರೆ ನೀರು ತುಂಬಿಸಿ ಇಳಿಸಿ ದೋಣಿಯನ್ನು ಮೇಲಕ್ಕೆ ಕೆಳಕ್ಕೆ ದಾಟಿಸುವ ಬಾಗಿಲಿನ ತೊಟ್ಟಿಗಳನ್ನು, ಉದ್ದ ಮಾಡಿದರು. ಮೋಂತೆಶ್‌ನಲ್ಲಿ ಸಾಲಾಗಿ ಐದು ಲಾಕು. ಅವನ್ನು ಒಡೆದು ಕಟ್ಟುವ ಬದಲು ಪಕ್ಕದಲ್ಲಿ ಇಳಿಜಾರಿನ ಒಂದು ಕಾಂಕ್ರೀಟ್ ತೊಟ್ಟಿ ಕಟ್ಟಿದರು. ಅದರ ಎರಡೂ ಬದಿಗೆ ರಬ್ಬರ್ ಚಕ್ರದ ಎರಡು ಎಂಜಿನ್. ಅವು ಒಂದು ದೊಡ್ಡ ಹಲಗೆಯನ್ನು ತಳ್ಳುತ್ತವೆ. ಹಲಗೆ ನೀರನ್ನು ತಳ್ಳುತ್ತದೆ. ನೀರಿನ ಮೇಲೆ ತೇಲುವ ದೋಣಿ ನೀರಿನ ಸಮೇತ 13 ಮೀಟರ್ ಮೇಲಕ್ಕೆ ಹೋಗುತ್ತದೆ! 1974ರಲ್ಲಿ ಶುರುವಾಗಿ 2009ರಲ್ಲಿ ಕೆಟ್ಟು ನಿಂತಿತು. ಆ ಹೊತ್ತಿಗೆ ಸರಕು ದೋಣಿಗಳೂ ಉಳಿದಿರಲಿಲ್ಲ. ಈಗ ಪ್ರವಾಸಿಗರಿಗೆ ತೋರಿಸಲು ಚೊಕ್ಕ ಮಾಡಿ ಇಟ್ಟಿದ್ದಾರೆ. ಎಂಜಿನಿಯರಿಂಗ್ ಕೆಲಸ ಮಾಡಿ ನಿವೃತ್ತರಾದ ನಮ್ಮವರು ಅಲ್ಲಿಂದ ಏಳಲೇ ಇಲ್ಲ. ಊಟದ ಹೊತ್ತು ತಪ್ಪಿತು.

ಲಾಕು ಹೇಗೆ ಕೆಲಸ ಮಾಡುತ್ತದೆ ಅಂತ ನೋಡೋಕೆ ಒಂದು ಕಡೆಯಾದರೂ ಕೂರಲೇಬೇಕು. ಈ ಕಾಲುವೆಯಲ್ಲಿ ಇಂಥವು 53 ಇವೆ. ಲಾಕು ಬರುವ ಸ್ವಲ್ಪ ಮುಂಚೆ ನೀರಿನ ಮೇಲೆ ಅಡ್ಡ ತಂತಿಯಿಂದ ಒಂದು ಕೋಲು ಇಳಿಬಿದ್ದಿರುತ್ತದೆ. ದೋಣಿಯಲ್ಲಿ ಬರುವವರು ಅದರ ಕೆಳಗೆ ಹಾಯುವಾಗ ಕೈ ಚಾಚಿ ಕೋಲನ್ನು ತಿರುಚಬೇಕು. ತಪ್ಪಿದರೆ ಹಿಂದಕ್ಕೆ ಬಂದು ಮತ್ತೆ ಹಿಡಿಯಬೇಕು. ಹೊಸಬರು ದೋಣಿ ತುದಿಯಲ್ಲಿ ತುದಿಗಾಲಲ್ಲಿ ನಿಂತು ಒದ್ದಾಡುವುದನ್ನು ನೋಡುವುದೇ ಒಂದು ಮಜ. ಕೋಲು ತಿರುಗಿದರೆ ದೀಪ ಮಿನುಗುತ್ತದೆ, ನೀರಿನ ಮಟ್ಟ ಸರಿಯಾಗುತ್ತದೆ, ಬಾಗಿಲು ತೆರೆದು ಹಸಿರು ಬರುತ್ತದೆ. ದೋಣಿ ಒಳಗೆ ಬಂದು ಹಗ್ಗ ಕಟ್ಟಿ ಗುಂಡಿ ಒತ್ತಿದರೆ ಹಿಂದಿನ ಬಾಗಿಲು ಮುಚ್ಚಿ ಕೆಳಗಿನ ತೂಬು ತೆರೆಯುತ್ತದೆ. ನೀರು ಇಳಿಯುತ್ತಾ ಪಾಚಿ ಹಿಡಿದ ಗೋಡೆ ಕಾಣುತ್ತಾ ಹೋಗುತ್ತದೆ. ನಿಮ್ಮ ಕಾಲ ಹತ್ತಿರ ಇದ್ದ ದೋಣಿಯವರ ತಲೆ ಸ್ವಲ್ಪ ಹೊತ್ತಿಗೆ ಕೆಳಗೆ ಎಲ್ಲೋ ಇರುತ್ತದೆ. ಹಿಂದೆ ಇದನ್ನೆಲ್ಲ ಕೈಯಲ್ಲಿ ಮಾಡೋಕೆ ಲಾಕಿಗೊಬ್ಬ ಕಾವಲುಗಾರ, ಅವನಿಗೊಂದು ಪುಟ್ಟ ಮನೆ. ಮನೆಗಳು ಇನ್ನೂ ಇವೆ, ಕೆಲವು ಕಾಫಿ ಅಂಗಡಿಗಳಾಗಿವೆ. ಗೋಡೆಯ ಮೇಲಿನ ಫಲಕದಲ್ಲಿ ಲಾಕಿನ ಹೆಸರು, ಮುಂದಿನದಕ್ಕೆ ಎಷ್ಟು ಮೀಟರ್, ಹಿಂದಿನದಕ್ಕೆ ಎಷ್ಟು ಅಂತ ಬರೆದಿರುತ್ತಾರೆ. ಫೋನಿನ ಮ್ಯಾಪಿಗಿಂತ ನಾನು ನಂಬಿದ್ದು ಅದನ್ನೇ.

ಮ್ವಾಸಾಕ್‌ನಲ್ಲಿ ಎರಡು ರಾತ್ರಿ ಉಳಿಯಿರಿ. ಅಲ್ಲಿಗೆ ಬರುವ ಮುಂಚೆ ಕಾಲುವೆಯೇ ಸೇತುವೆ ಹತ್ತಿ ತಾರ್ನ್ ನದಿಯನ್ನು ದಾಟುತ್ತದೆ. ಕೆಳಗೆ ನದಿ, ಮೇಲೆ 13 ಕಮಾನಿನ ಮೇಲೆ ಇನ್ನೊಂದು ನೀರು, ಪಕ್ಕದಲ್ಲಿ ನಾವು. 1930ರ ಪ್ರವಾಹದಲ್ಲಿ ಹತ್ತಿರದ ರೈಲು ಸೇತುವೆ ಕೊಚ್ಚಿಹೋದಾಗ ಈ ಕಾಲುವೆ ಸೇತುವೆಯ ಮೇಲೇ ಹಳಿ ಹಾಕಿ ರೈಲು ಓಡಿಸಿದ್ದರಂತೆ. ಊರೊಳಗಿನ ಸೇಂಟ್ ಪೀಟರ್ ಮಠದ ಅಂಗಳ 1100ರಲ್ಲಿ ಮುಗಿದದ್ದು, ಇಸವಿಯನ್ನು ಕಂಬದ ಮೇಲೇ ಕೆತ್ತಿದ್ದಾರೆ. ಕಂಬಗಳ ತಲೆಯ ಮೇಲೆ 76 ಕೆತ್ತನೆಯ ಬೋದಿಗೆಗಳು. ಒಂದೊಂದರಲ್ಲಿ ಒಂದೊಂದು ಕಥೆ, ಬೇಲೂರಿನಲ್ಲಿ ಹೇಗೋ ಇಲ್ಲೂ ಹಾಗೆ ಕತ್ತು ನೋಯುವ ತನಕ ನೋಡಬಹುದು. ರೈಲು ಹಳಿ ಹಾಕುವಾಗ ಇದನ್ನೂ ಕೆಡವುವ ಮಾತಿತ್ತು. ಮಠದ ಊಟದ ಮನೆ ಹೋಯಿತು, ಅಂಗಳ ಉಳಿಯಿತು. ಸ್ಪೇನಿನ ಸಂತಿಯಾಗೊಗೆ ನಡೆದು ಹೋಗುವ ಯಾತ್ರಿಕರ ದಾರಿಯೂ ಇದೇ ಊರಿನ ಮೂಲಕ ಹೋಗುವುದರಿಂದ ಕಡಿಮೆ ಬೆಲೆಯ ತಂಗುಮನೆಗಳಿವೆ. ಸಂಜೆ ಒಂದೇ ಮೇಜಿನಲ್ಲಿ ನಡೆಯುವವರು, ತುಳಿಯುವವರು ಎಲ್ಲರೂ ಪಾದ ತಿಕ್ಕಿಕೊಳ್ಳುತ್ತಾ ಕೂರುತ್ತಾರೆ. ಶಾಸ್ಲಾ ಅನ್ನುವ ಇಲ್ಲಿನ ಹಸಿರು-ಹಳದಿ ದ್ರಾಕ್ಷಿ ಜೇನಿನಷ್ಟು ಸಿಹಿ. ಒಂದು ಕೆಜಿ ತಗೊಂಡರೆ ಮುಂದಿನ ಊರು ಬರುವ ತನಕ ಉಳಿಯುವುದಿಲ್ಲ.

ಮ್ವಾಸಾಕ್ ದಾಟಿದ ಮೇಲೆ ಗೋಲ್ಫೆಶ್ ಅಣುಸ್ಥಾವರದ ಎರಡು ದೈತ್ಯ ಗೋಪುರಗಳು ಅರ್ಧ ದಿನ ಜೊತೆಗೇ ಬರುತ್ತವೆ. ಫ್ರೆಂಚ್ ಹಳ್ಳಿಯ ಚಿತ್ರ ಅಂದರೆ ಸೂರ್ಯಕಾಂತಿ, ಹಳೇ ಚರ್ಚು ಅಂತ ಅಂದುಕೊಂಡು ಹೋದವರು ಇದಕ್ಕೂ ತಯಾರಾಗಿರಿ. ನನಗೇನೂ ಬೇಸರವಾಗಲಿಲ್ಲ. ಅಜಾಂ ಊರಿನಲ್ಲಿ ಮತ್ತೊಂದು ನೀರ ಸೇತುವೆ, ಈ ಸಲ ಗರೋನ್ ನದಿಯ ಮೇಲೆ, 23 ಕಮಾನು, ಅರ್ಧ ಕಿಲೋಮೀಟರ್‌ಗಿಂತ ಉದ್ದ. ಒಣಗಿಸಿದ ಪ್ಲಮ್ ಹಣ್ಣಿಗೆ ಹೆಸರಾದ ಊರು. ಹೊಟ್ಟೆಗೆ ಒಳ್ಳೇದು ಅಂತ ಜಾಸ್ತಿ ತಿನ್ನಬೇಡಿ, ಮಾರನೇ ದಿನ ಸೈಕಲ್ ಮೇಲೆ ಕೂರಬೇಕು.

ಈ ದಾರಿಯಲ್ಲಿ ಅಪಾಯ ಅಂತ ಇದ್ದರೆ ಅದು ಹಳೇ ಸೇತುವೆಗಳ ಕೆಳಗೆ. ದಾರಿ ದಿಢೀರ್ ಅಂತ ಕಿರಿದಾಗಿ, ನೀರಿಗೆ ಅಂಟಿಕೊಂಡು, ತಿರುವಿನಲ್ಲಿ ಕತ್ತಲೊಳಗೆ ಹೋಗುತ್ತದೆ. ಆ ಕಡೆಯಿಂದ ಬರುವವರು ಕಾಣುವುದಿಲ್ಲ. ಬೆಲ್ ಹೊಡೆಯುತ್ತಾ ನಿಧಾನಕ್ಕೆ ಹೋಗಿ. ಪ್ಲೇನ್ ಮರದ ಬೇರು ಡಾಂಬರನ್ನು ಅಲ್ಲಲ್ಲಿ ಎತ್ತಿರುತ್ತದೆ. ನೆರಳಿನಲ್ಲಿ ಕಾಣುವುದಿಲ್ಲ, ಸೀಟಿಗೆ ಗೊತ್ತಾಗುತ್ತದೆ.

ಎಲ್ಲರೂ ಬಿಟ್ಟು ಹೋಗುವ ಒಂದು ಊರಿದೆ, ಲ ಮಾಸ್ ದಾಜೆನೆ. ಕಾಲುವೆಯಿಂದ ಕಡಿದಾದ ಏರು ಇರುವುದೇ ಕಾರಣ. ಏನಾದರೂ ಆಗಲಿ, ಹತ್ತಿ. ಮೇಲಿನ ಹಳೇ ಚರ್ಚಿನಲ್ಲಿ ರೆಂಬ್ರಾಂಟ್ 1631ರಲ್ಲಿ ಬರೆದ ಶಿಲುಬೆಯ ಕ್ರಿಸ್ತನ ಚಿತ್ರ ಇದೆ. ನೆಪೋಲಿಯನ್ ಸೈನ್ಯದಲ್ಲಿದ್ದ ಈ ಊರಿನವನೊಬ್ಬ ಹರಾಜಿನಲ್ಲಿ ಕೊಂಡು ಊರ ಚರ್ಚಿಗೆ ಕೊಟ್ಟದ್ದು. ಇದು ರೆಂಬ್ರಾಂಟ್ ಕೈಯದೇ ಅಂತ ಖಚಿತವಾಗಿದ್ದು 20ನೇ ಶತಮಾನದಲ್ಲಿ. ಪ್ಯಾರಿಸ್ಸಿನಲ್ಲಾದರೆ ಗಂಟೆಗಟ್ಟಲೆ ಸಾಲು ನಿಲ್ಲಬೇಕಾದಂಥ ಚಿತ್ರ. ನಾವು ಹೋದಾಗ ಇದ್ದವರು ನಾವಿಬ್ಬರು, ಮತ್ತೆ ಹೂ ಜೋಡಿಸುತ್ತಿದ್ದ ಒಬ್ಬ ಅಜ್ಜಿ.

ಕಾಸ್ತೆಯಲ್ಲಿ ಕಾಲುವೆ ನದಿಗೆ ಸೇರಿ ಮುಗಿಯುತ್ತದೆ. ಬೋರ್ದೋ ತನಕ ಹೋಗಬೇಕಿದ್ದರೆ ಅಲ್ಲಿಂದ ದ್ರಾಕ್ಷಿ ತೋಟಗಳ ನಡುವೆ ಹಳ್ಳಿ ರಸ್ತೆ, ಮೊದಲ ಸಲ ನಿಜವಾದ ಏರಿಳಿತ. ಸಾದಾ ಸೈಕಲ್ಲಿನವಳು ಎರಡು ಕಡೆ ಇಳಿದು ತಳ್ಳಿದೆ. ಬ್ಯಾಟರಿಯವರು ಮೇಲೆ ನಿಂತು ಫೋಟೊ ತೆಗೆದರು. ಸೋವ್ತೇರ್ ಊರಿನಿಂದ ಹಳೇ ರೈಲು ಹಳಿ ಕಿತ್ತು ಮಾಡಿದ ಸೈಕಲ್ ದಾರಿ ಬೋರ್ದೋವರೆಗೂ ಹೋಗುತ್ತದೆ. ಅದಕ್ಕೆ ರೋಜೆ ಲಾಪೆಬಿ ಹೆಸರು. 1937ರ ಟೂರ್ ದ ಫ್ರಾನ್ಸ್ ಸೈಕಲ್ ಸ್ಪರ್ಧೆ ಗೆದ್ದವರು. ಗೇರು ಬದಲಿಸುವ ಸೈಕಲ್ಲಿನಲ್ಲಿ ಆ ಸ್ಪರ್ಧೆ ಗೆದ್ದವರಲ್ಲಿ ಅವರೇ ಮೊದಲಿಗರು.

ಇಷ್ಟೆಲ್ಲ ಹೇಳಿ ಮಿದಿ ಕಾಲುವೆಗೆ ಹೋಗಲೇಬೇಡಿ ಅನ್ನುತ್ತಿಲ್ಲ. ತುಲೂಸ್‌ನಿಂದ ನೋರೂಜ್ ತನಕ ಹೋಗಿ ಬನ್ನಿ. ಸಮುದ್ರ ಮಟ್ಟದಿಂದ 189 ಮೀಟರ್, ಇಡೀ ಕಾಲುವೆಯಲ್ಲಿ ಅದೇ ಎತ್ತರದ ಜಾಗ. ಈ ಕಾಲುವೆ ಕಟ್ಟಿಸಿದ ಬೆಜಿಯೇ ಊರಿನ ಪಿಯೇರ್-ಪೋಲ್ ರಿಕೆ ಅನ್ನುವವನು ಉಪ್ಪಿನ ತೆರಿಗೆ ವಸೂಲಿ ಮಾಡುತ್ತಿದ್ದವನು. ಕಾಲುವೆ ತೋಡುವುದಕ್ಕಿಂತ ಕಷ್ಟದ ಪ್ರಶ್ನೆ ಎತ್ತರದ ಜಾಗಕ್ಕೆ ನೀರು ಎಲ್ಲಿಂದ ತರುವುದು ಅನ್ನುವುದು. ಅದನ್ನು ಬಿಡಿಸಿದ್ದು ಅವನು. ಮೋಂತಾನ್ ನ್ವಾರ್ ಬೆಟ್ಟದ ತೊರೆಗಳನ್ನು ಒಟ್ಟುಗೂಡಿಸಿ, ಸಾಂ-ಫೆರ್ಯೋಲ್‌ನಲ್ಲಿ ಕೆರೆ ಕಟ್ಟಿಸಿ, ಅಲ್ಲಿಂದ ಸಣ್ಣ ನಾಲೆಯಲ್ಲಿ ನೀರನ್ನು ನೋರೂಜ್‌ಗೆ ಇಳಿಸಿದ. ಅಲ್ಲಿ ನೀರು ಎರಡಾಗಿ ಒಂದು ಪಾಲು ಅಟ್ಲಾಂಟಿಕ್ ಕಡೆಗೆ, ಇನ್ನೊಂದು ಮೆಡಿಟರೇನಿಯನ್ ಕಡೆಗೆ ಹೋಗುತ್ತದೆ. 1666ರಲ್ಲಿ ಅರಸನ ಅಪ್ಪಣೆ ಸಿಕ್ಕಿತು, 1681ರಲ್ಲಿ ಕಾಲುವೆ ತೆರೆಯಿತು. ರಿಕೆ 1680ರಲ್ಲೇ ತೀರಿಕೊಂಡಿದ್ದ. ಕೊಡೆಯಂಥ ಮರಗಳ ಕೆಳಗೆ ಆ ಸಣ್ಣ ನಾಲೆಯ ಪಕ್ಕ ಕೂತು ಬುತ್ತಿ ಬಿಚ್ಚೋಕೆ ಒಳ್ಳೇ ಜಾಗ.

ಕೊನೆಗೆ ರೈಲಿನ ವಿಷಯ. ಲೋಕಲ್ ರೈಲುಗಳಲ್ಲಿ ಸೈಕಲ್ಲಿಗೆ ಸಾಮಾನ್ಯವಾಗಿ ದುಡ್ಡಿಲ್ಲ, ಆದರೆ ಜಾಗ ಕಡಿಮೆ. ಬೋರ್ದೋ-ತುಲೂಸ್ ನಡುವಿನ ದೂರದ ರೈಲುಗಳಿಗೆ ಸೈಕಲ್ ಜಾಗವನ್ನು ಮುಂಚೆಯೇ ಕಾಯ್ದಿರಿಸಬೇಕು. ಶುಕ್ರವಾರ ಸಂಜೆ, ಭಾನುವಾರ ಸಂಜೆ ಹೋಗಬೇಡಿ. ಬಹಳ ಕಡೆ ಸೈಕಲ್ಲನ್ನು ಮುಂದಿನ ಚಕ್ರ ಹಿಡಿದು ಕೊಕ್ಕೆಗೆ ನೇತುಹಾಕಬೇಕು. ಬ್ಯಾಟರಿ ಸೈಕಲ್ಲು ಇಪ್ಪತ್ತೈದು ಕೆಜಿ ತೂಗುತ್ತದೆ. ಪ್ಲಾಟ್‌ಫಾರ್ಮಿನಲ್ಲೇ ಬ್ಯಾಟರಿ ತೆಗೆದು ಚೀಲಕ್ಕೆ ಹಾಕಿ, ಪಕ್ಕದ ಚೀಲಗಳನ್ನೂ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಗಟ್ಟಿಮುಟ್ಟಾದ ಹುಡುಗನೊಬ್ಬ ನಿಂತಿರುವ ಬಾಗಿಲಿನಲ್ಲೇ ಹತ್ತಿ.